ಕಿನ್ನರಿ ಕಥೆಯ ನಾಟಕಕ್ಕೆ ಬೆಳಕು: ಕಾಡು ಹೇಗೆ, ರಾತ್ರಿ ಹೇಗೆ, ಮಾಯೆ ಹೇಗೆ?

ಪರದೆಹಿಂದೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಒಂದು ಕಿನ್ನರಿ ಕಥೆಯನ್ನು ರಂಗಕ್ಕೆ ತರುತ್ತಿದೆ. ಕಥೆ ಹೊಸದು. ಆದರೆ ಇಂಥ ಕಥೆಗಳಲ್ಲಿ ಇರಬೇಕಾದದ್ದೆಲ್ಲ ಇದೆ: ದಟ್ಟ ಕಾಡು, ಮಾಟಗಾತಿಯ ಗುಡಿಸಲು, ಜಿಂಕೆಯಾಗಿ ಬದಲಾಗುವ ತಮ್ಮ, ಅವನನ್ನು ಹುಡುಕಿ ಹೊರಡುವ ಅಕ್ಕ, ಅಂಗೈಯಷ್ಟೇ ಇರುವ ಒಬ್ಬ ಕಿನ್ನರಿ, ಕೊನೆಗೆ ಅರಮನೆ. ನೋಡಲು ಬರುವವರಲ್ಲಿ ಮಕ್ಕಳೇ ಜಾಸ್ತಿ. ಬೆಳಕಿನ ಕೆಲಸ ನನ್ನ ಪಾಲಿಗೆ ಬಂದಿದೆ.

ಸಾಮಾನು ಇಷ್ಟಿದೆ: ಹ್ಯಾಲೋಜೆನ್ ಪಾರ್ ದೀಪಗಳು (ಅಗಲಕ್ಕೆ ಬೆಳಕು ಚೆಲ್ಲುವವು) ಬೇಕಾದಷ್ಟು, ಆರು ಪ್ರೊಫೈಲ್ (ಬೆಳಕನ್ನು ಕತ್ತರಿಸಿ ಆಕಾರ ಕೊಡಬಹುದಾದ ದೀಪ), ಎಂಟು ಎಲ್‌ಇಡಿ ಪಾರ್, ಎರಡು ಮೂವಿಂಗ್ ಹೆಡ್ (ಬೋರ್ಡಿನಿಂದಲೇ ತಿರುಗಿಸುವ ದೀಪ), ತೆಳು ಮಂಜು ಬಿಡುವ ಒಂದು ಹೇಝ್ ಯಂತ್ರ. ಹಿಂದೆ ರಂಗದಗಲದ ಬಿಳಿ ಪರದೆ, ಅಂದರೆ ಸೈಕ್ಲೋರಮಾ (ಸೈಕ್). ನಿರ್ದೇಶಕರದ್ದು ಒಂದೇ ಮಾತು, "ಮಾಯೆ ಬೇಕು". ಅದು ಬೆಳಕಿನ ಬೋರ್ಡಿನ ಎಷ್ಟನೇ ಚಾನೆಲ್‌ನಲ್ಲಿದೆ ಅಂತ ಕೇಳಬೇಕೆನಿಸಿತು, ಸುಮ್ಮನಾದೆ.

ಕಾಡಿನ ದೃಶ್ಯಕ್ಕೆ ಎಲ್‌ಇಡಿ ಹಸಿರು ಹಾಕಿದರೆ ಎಲ್ಲರ ಮುಖವೂ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ನೀಲಿ ಹಾಕಿದರೆ ರಾತ್ರಿ ಅನ್ನಿಸುತ್ತದೆ, ಆದರೆ ಅಕ್ಕನ ಕಡುಕೆಂಪು ಬಟ್ಟೆ ಕಪ್ಪಾಗಿಬಿಡುತ್ತದೆ. ಎರಡನ್ನೂ ಸೇರಿಸಿದರೆ ಮರ, ಮನುಷ್ಯರು ಎಲ್ಲ ಹಿಂದಿನ ಪರದೆಗೆ ಅಂಟಿಸಿದಂತೆ ಚಪ್ಪಟೆ. ಎಲ್ಲಿಂದ ಶುರು ಮಾಡಲಿ?

ನೆರಳುಗಾರ:
ಮೊದಲು ಆ ಹಸಿರನ್ನು ಆರಿಸಿ. ಆಮೇಲೆ ಮುಂದಿನಿಂದ ಬರುವ ದೀಪಗಳನ್ನೆಲ್ಲ ಆರಿಸಿ. ಸೈಕ್ ಕೂಡ. ರಂಗ ಪೂರ್ತಿ ಕತ್ತಲಾಗಲಿ. ಕೆಲಸ ಶುರುವಾಗುವುದು ಅಲ್ಲಿಂದ.

ಕಾಡಿನೊಳಗೆ ನಿಂತವನಿಗೆ ಹಸಿರು ಬೆಳಕು ಮುಖಕ್ಕೆ ಬಡಿಯುವುದಿಲ್ಲ. ಎಲೆ ಹಸಿರಾಗಿರುತ್ತದೆ. ಎಲೆಗಳ ನಡುವೆ ತೂರಿ ಬರುವ ಬೆಳಕು ಹೆಚ್ಚುಕಡಿಮೆ ಬಿಳಿಯೇ. ಕಾಡನ್ನು ಕಾಡು ಮಾಡುವುದು ಆ ಬೆಳಕು ಒಡೆದು ಬೀಳುವ ರೀತಿ, ಮತ್ತೆ ಅದು ತಲೆಯ ಮೇಲಿಂದ ಬರುತ್ತದೆ ಅನ್ನುವುದು. ಬಣ್ಣದ ವಿಚಾರ ಆಮೇಲೆ. ಮೊದಲು ದಿಕ್ಕು.

ಒಂದು ಪ್ರೊಫೈಲ್ ತಗೊಳ್ಳಿ. ಅದಕ್ಕೆ ಎಲೆಯ ಆಕಾರ ಕೊರೆದ ತಗಡು, ಅಂದರೆ ಗೋಬೋ, ಹಾಕಿ. ಹಿಂದಿನ ಮೂಲೆಯಿಂದ, ಆದಷ್ಟು ಎತ್ತರದಿಂದ, ಓರೆಯಾಗಿ ನೆಲಕ್ಕೆ ಬಿಡಿ. ಫೋಕಸ್ ಸ್ವಲ್ಪ ಕೆಡಿಸಿ. ಅಂಚು ಚೂಪಾಗಿದ್ದರೆ ಜನ ಎಲೆ ನೋಡುವುದಿಲ್ಲ, ತಗಡಿನ ತೂತು ನೋಡುತ್ತಾರೆ. ಎರಡನೇ ಪ್ರೊಫೈಲ್‌ನಲ್ಲಿ ಬೇರೆ ಆಕಾರದ ಗೋಬೋ ಇಟ್ಟು ಇನ್ನೊಂದು ಕೋನದಿಂದ ಅದೇ ನೆಲದ ಮೇಲೆ ಬಿಡಿ. ಎರಡೂ ಮಿಶ್ರವಾದಾಗ ಯಾವುದು ಎಲೆ, ಯಾವುದು ಅದರ ನೆರಳು ಅಂತ ಕಣ್ಣಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ನಟಿ ಅದರೊಳಗೆ ನಡೆದು ಬಂದರೆ ಚುಕ್ಕೆಗಳು ಅವಳ ಭುಜದ ಮೇಲೆ ಹರಿದು ಹೋಗುತ್ತವೆ. ನೀವು ಒಂದು ಕ್ಯೂ (ಬೆಳಕು ಬದಲಿಸುವ ಸೂಚನೆ) ಕೂಡ ಕೊಡದೆ ಕಾಡು ಅಲುಗಾಡುತ್ತದೆ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಸ್ವಿಟ್ಜರ್‌ಲ್ಯಾಂಡಿನ ಅಡಾಲ್ಫ್ ಅಪ್ಪಿಯಾ 1899ರಲ್ಲೇ ಬರೆದಿಟ್ಟಿದ್ದ. ಎಲ್ಲ ಕಡೆ ಸಮನಾಗಿ ಹರಡುವ ಬೆಳಕು ಬೇರೆ, ವಸ್ತುವಿಗೆ ರೂಪ ಕೊಡುವ ಬೆಳಕು ಬೇರೆ ಅಂತ. ನಿಮ್ಮ ರಂಗದಲ್ಲಿ ಈಗ ಮೊದಲನೆಯದು ಮಾತ್ರ ಇದೆ. ಅದಕ್ಕೇ ಚಪ್ಪಟೆ.

ಜೆಲ್‌ಪೆಟ್ಟಿಗೆ:
ನೆರಳುಗಾರರ ಮಾತು ಸರಿ. ಆದರೆ ಬಣ್ಣವನ್ನು ಅಷ್ಟು ಬೇಗ ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಕೆಂಪು ಬಟ್ಟೆಯ ಪ್ರಶ್ನೆಗೆ ಮೊದಲು ಬರುತ್ತೇನೆ.

ಕೆಂಪು ಬಟ್ಟೆ ಕೆಂಪಾಗಿ ಕಾಣಲು ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಎಲ್‌ಇಡಿಯ ನೀಲಿ ತುಂಬಾ ಇಕ್ಕಟ್ಟಾದ ನೀಲಿ. ಅದರಲ್ಲಿ ನೀಲಿ ಬಿಟ್ಟರೆ ಬೇರೇನೂ ಇಲ್ಲ. ಬಟ್ಟೆ ಆ ನೀಲಿಯನ್ನು ನುಂಗುತ್ತದೆ, ವಾಪಸ್ ಕೊಡಲು ಅದರ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಕಪ್ಪು. ಹಸಿರಲ್ಲೂ ಇದೇ ಕಥೆ. ಮುಖದ ಚರ್ಮದಲ್ಲಿ ಕೆಂಪಿನ ಅಂಶ ಜಾಸ್ತಿ, ಆ ಕೆಂಪನ್ನು ತೆಗೆದುಬಿಟ್ಟರೆ ಉಳಿಯುವುದು ರೋಗಿಯ ಮುಖ. ಹ್ಯಾಲೋಜೆನ್ ಮುಂದೆ ತೆಳು ನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಹೀಗಾಗುವುದಿಲ್ಲ. ಅದರಲ್ಲಿ ಎಲ್ಲ ಬಣ್ಣವೂ ಅಷ್ಟಿಷ್ಟು ಉಳಿದಿರುತ್ತದೆ.

ಅದಕ್ಕೆ ಹಂಚಿಕೊಳ್ಳಿ. ಗಾಳಿ, ನೆಲ, ಹಿನ್ನೆಲೆ ಎಲ್‌ಇಡಿಗೆ. ಮುಖ ಮತ್ತು ಬಟ್ಟೆ ಹ್ಯಾಲೋಜೆನ್‌ಗೆ. ಲೀ ಕಂಪನಿಯ 201 ಅಥವಾ 161 ಜೆಲ್ ಸಿಕ್ಕರೆ ಹಾಕಿ ನೋಡಿ. 181, ಅಂದರೆ ಕಾಂಗೋ ಬ್ಲೂ, ಚೆಂದ ಇದೆ. ಆದರೆ ಅದು ಬೆಳಕನ್ನೆಲ್ಲ ತಾನೇ ತಿಂದುಬಿಡುತ್ತದೆ. ಮುಖಕ್ಕೆ ಅದನ್ನು ಮುಟ್ಟಬೇಡಿ.

ಇನ್ನೊಂದು ವಿಚಾರ. ಒಂದು ಪಕ್ಕದಿಂದ ಬೆಚ್ಚಗಿನ ಬಣ್ಣ, ಇನ್ನೊಂದು ಪಕ್ಕದಿಂದ ತಣ್ಣಗಿನ ಬಣ್ಣ. ಸ್ಟ್ಯಾನ್ಲಿ ಮ್ಯಾಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದ ಪುಸ್ತಕದಿಂದ ಬಂದ ಪದ್ಧತಿ ಇದು. ಎರಡೂ ಸುಮಾರು 45 ಡಿಗ್ರಿ ಎತ್ತರದಿಂದ. ಎಲ್ಲ ನಾಟಕಕ್ಕೂ ಅದನ್ನೇ ಹಾಕಿದರೆ ಬೇಜಾರು, ಆದರೆ ಅದರಲ್ಲಿ ಒಂದು ಉಪಯೋಗವಿದೆ. ಬೆಚ್ಚಗಿನ ದೀಪದ ನೆರಳಿನ ಜಾಗವನ್ನು ತಣ್ಣಗಿನ ದೀಪ ತುಂಬುತ್ತದೆ. ನೆರಳು ಕಪ್ಪಾಗದೆ ನೀಲಿಯಾಗುತ್ತದೆ. ಕಿನ್ನರಿ ಕಥೆಗೆ ಬಣ್ಣದ ನೆರಳಿಗಿಂತ ಬೇರೇನು ಬೇಕು?

ಮೂವಿಂಗ್‌ಹೆಡ್:
ಇಬ್ಬರೂ ಹಿರಿಯರು, ತಪ್ಪು ತಿಳೀಬೇಡಿ. ಮಕ್ಕಳು ನೋಡೋಕೆ ಬರ್ತಿರೋದು ಕಣ್ರೀ. ಅವರಿಗೆ ಬಣ್ಣ ಬೇಕು, ಚಲನೆ ಬೇಕು. ಎರಡು ಮೂವಿಂಗ್ ಹೆಡ್ ಇಟ್ಟುಕೊಂಡು ಬೂದು ಬೂದಾಗಿ ಕಾಡು ಮಾಡಿದರೆ ಹಿಂದಿನ ಸಾಲಿನ ಮಗು ನಿದ್ದೆ ಹೋಗುತ್ತದೆ. ಹಸಿರು, ನೇರಳೆ, ತಿರುಗುವ ಗೋಬೋ ಎಲ್ಲ ಬಳಸಿ. ಮಾಯೆ ಅಂದರೆ ವಾಸ್ತವ ಇಲ್ಲದ್ದು ಅಲ್ವಾ? ಕಾಡು ನೇರಳೆ ಯಾಕಾಗಬಾರದು?

ನೆರಳುಗಾರ:
ಆಗಬಹುದು. ಯಾರೂ ಬೇಡ ಅನ್ನಲಿಲ್ಲ. ಆದರೆ ಮೊದಲ ನಿಮಿಷದಿಂದಲೇ ನೇರಳೆ ಇದ್ದರೆ, ಮಾಟ ನಡೆಯುವಾಗ ಏನು ತರುತ್ತೀರಿ? ಆ ಕಥೆಯಲ್ಲಿ ಕಾಡು ಒಂದು ಸಲ ಮಾಮೂಲಿ ಕಾಡು, ಇನ್ನೊಂದು ಸಲ ಮಾಟದ ಕಾಡು. ಮೊದಲನೆಯದನ್ನು ಪ್ರೇಕ್ಷಕ ನಂಬಿದರೆ ಮಾತ್ರ ಎರಡನೆಯದು ಅವನನ್ನು ಅಲುಗಿಸುತ್ತದೆ. ನಾನು ಬೋರ್ಡ್ ಮುಂದೆ ಕೂತಾಗ ನಾಟಕಕ್ಕೆಲ್ಲ ಒಂದೇ ಒಂದು ಬಣ್ಣವನ್ನು ಎತ್ತಿಟ್ಟುಬಿಡುತ್ತೇನೆ. ಅದು ಬರುವ ದೃಶ್ಯದವರೆಗೆ ಎಲ್ಲೂ ಇಣುಕುವಂತಿಲ್ಲ.

ಹಸಿರು ಬೇಕೇ ಬೇಕು ಅಂದರೆ ಮಾಟಗಾತಿಯ ಕೊಪ್ಪರಿಗೆಯೊಳಗೆ ಇಡಿ. ಕೆಳಗಿನಿಂದ ಅವಳ ಗದ್ದಕ್ಕೆ ಹೊಡೆಯಲಿ. ನಮ್ಮ ಕಣ್ಣು ಮೇಲಿನಿಂದ ಬೀಳುವ ಬೆಳಕಿಗೆ ಒಗ್ಗಿದೆ. ಕೆಳಗಿನಿಂದ ಬಂದರೆ ಕಣ್ಣುಗುಳಿ, ಮೂಗು, ಹುಬ್ಬು ಎಲ್ಲದರ ನೆರಳು ತಿರುಗಾಮುರುಗಾ ಆಗುತ್ತದೆ. ಗೊತ್ತಿರುವ ಮುಖವೇ ಅಪರಿಚಿತವಾಗುತ್ತದೆ.

ಮೂರನೇವಿಂಗ್:
ನಾನು ನಟಿಸುವವಳು, ಆಗಾಗ ರಂಗ ನಿರ್ವಹಣೆಯೂ ಮಾಡುತ್ತೇನೆ. ಬೆಳಕಿನವರು ಸೈಡ್ ಲೈಟ್ ಬಗ್ಗೆ ಇನ್ನೂ ಮಾತೇ ಆಡಿಲ್ಲ, ಆಶ್ಚರ್ಯ.

ವಿಂಗ್ಸ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಮೊಣಕಾಲಿನಿಂದ ತಲೆಯೆತ್ತರದವರೆಗೆ ದೀಪ ನಿಲ್ಲಿಸಿ. ಬೆಳಕು ರಂಗದ ಅಡ್ಡಕ್ಕೆ ಹೋಗಿ ಎದುರು ವಿಂಗ್ಸ್ ಒಳಗೆ ಮಾಯವಾಗಬೇಕು. ಆಗ ನೆಲಕ್ಕೂ ಬೀಳದು, ಹಿಂದಿನ ಪರದೆಗೂ ಬೀಳದು. ನಮ್ಮ ಮೈ ಮಾತ್ರ ಕತ್ತಲಿನಿಂದ ಎದ್ದು ಬರುತ್ತದೆ. ನೃತ್ಯದವರು ಇದನ್ನೇ ನೆಚ್ಚಿಕೊಂಡಿರುವುದು ಸುಮ್ನೆ ಅಲ್ಲ. ಜಿಂಕೆ ಓಡುವ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಜರಿ, ಮಿಂಚುಪಟ್ಟಿ ಇರುವ ಬಟ್ಟೆಯೂ ಅಡ್ಡಬೆಳಕಿಗೇ ಚೆನ್ನಾಗಿ ಹೊಳೆಯುತ್ತದೆ. ಮುಂದಿನಿಂದ ಹಾಕಿದರೆ ಮಂಕು.

ಒಂದು ಬೇಡಿಕೆ. ದೃಶ್ಯ ಮುಗಿದ ತಕ್ಷಣ ಪೂರ್ತಿ ಬ್ಲ್ಯಾಕ್‌ಔಟ್ ಮಾಡಬೇಡಿ. ಮುಖಕ್ಕೆ ಬೆಳಕು ಬೀಳುತ್ತಿದ್ದು ಒಮ್ಮೆಲೇ ಆರಿದರೆ ನಮಗೆ ಏನೂ ಕಾಣುವುದಿಲ್ಲ. ಮೆಟ್ಟಿಲಿದ್ದರೆ ಅಪಾಯ. ಅಂಚುಗಳಿಗೆ ಹೊಳೆಯುವ ಟೇಪ್ ಹಾಕಿಸಿ. ಮಕ್ಕಳೂ ದಿಢೀರ್ ಕತ್ತಲೆಗೆ ಕಿರುಚುತ್ತಾರೆ, ಒಬ್ಬರು ಶುರು ಮಾಡಿದರೆ ಸಭಾಂಗಣವೆಲ್ಲ. ದೃಶ್ಯಗಳ ನಡುವೆ ತೆಳು ನೀಲಿ ಉಳಿಸಿಕೊಳ್ಳಿ, ನಾಲ್ಕೈದು ಸೆಕೆಂಡಿನ ಫೇಡ್ ಕೊಡಿ.

ಪರದೆಹಿಂದೆ:
ಹಿಂದಿನ ಮೂಲೆಯಿಂದ ಎರಡು ಗೋಬೋ ಹಾಕಿ ನೋಡಿದೆ. ನೆಲ ಈಗ ನಿಜಕ್ಕೂ ಕಾಡಿನ ನೆಲ. ಥ್ಯಾಂಕ್ಸ್ ನೆರಳುಗಾರ್ ಸರ್. ಆದರೆ ನಿರ್ದೇಶಕರು ಬಂದು ಕೂತು, "ಮುಖ ಎಲ್ಲಿ?" ಅಂದರು. ಮಾತು ಜಾಸ್ತಿ ಇರುವ ದೃಶ್ಯ. ಮುಂದಿನ ದೀಪ ಎತ್ತಿದ ತಕ್ಷಣ ಕಾಡು ಹೋಗಿಬಿಡುತ್ತದೆ. ಈ ಎರಡರ ನಡುವೆ ಹೇಗೆ ನಿಲ್ಲುವುದು?

ಜೆಲ್‌ಪೆಟ್ಟಿಗೆ:
ಮುಖಕ್ಕೆ ಎಷ್ಟು ಬೆಳಕು ಬೇಕು ಅನ್ನುವುದು ಸುತ್ತ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಸುತ್ತಲಿನದು ಕಡಿಮೆಯಿದ್ದರೆ ಮುಖಕ್ಕೆ ಸ್ವಲ್ಪವೇ ಸಾಕು. ಕಣ್ಣು ತಾನಾಗಿ ಹೆಚ್ಚು ಬೆಳಕಿರುವ ಕಡೆ ಹೋಗುತ್ತದೆ. ನಿಮ್ಮ ಸೈಕ್ ಮುಖಕ್ಕಿಂತ ಬೆಳಗುತ್ತಿದೆ ಅಂತ ನನ್ನ ಅನುಮಾನ. ಅದನ್ನು ಇಳಿಸಿ, ಮುಖಕ್ಕೆ ಒಂದಿಷ್ಟೂ ಏರಿಸದೆ ನೋಡಿ.

ಆಮೇಲೆ ಮುಂದಿನ ದೀಪ ಎತ್ತರದಿಂದಲೇ ಬರಲಿ. ಕಮ್ಮಿ ಎತ್ತರದಿಂದ ಬಂದರೆ ನಟರ ನೆರಳು ಉದ್ದಕ್ಕೆ ಹೋಗಿ ಮರಕ್ಕೆ ಬೀಳುತ್ತದೆ. ಪಾರ್ ಬದಲು ಪ್ರೊಫೈಲ್ ಹಾಕಿ, ಅದರೊಳಗಿನ ಶಟರ್ ತಗಡಿನಿಂದ ಬೆಳಕನ್ನು ಕತ್ತರಿಸಿ, ಅಂಚು ಮೆತ್ತಗಾಗಲು ಫ್ರಾಸ್ಟ್ ಹಾಳೆ ಹಾಕಿ. ನಟಿ ನಿಂತು ಮಾತಾಡುವ ಜಾಗಗಳಿಗೆ ಮಾತ್ರ. ನಿರ್ದೇಶಕರಿಗೆ ಹೇಳಿ ಆ ಜಾಗಗಳನ್ನು ಗಟ್ಟಿ ಮಾಡಿಕೊಳ್ಳಿ. ಎಲ್ಲಿ ಬೇಕಾದರೂ ನಿಲ್ಲುತ್ತೇನೆ ಅನ್ನುವ ನಟರಿದ್ದರೆ ಯಾವ ವಿನ್ಯಾಸವೂ ಉಳಿಯುವುದಿಲ್ಲ.

ಕಾಡಿಗೆ ಮುಂಚಿನ ದೃಶ್ಯ ಯಾವುದು? ಅಂಗಳದ ಹಗಲು ಅಂದರೆ, ಅದರ ಕೊನೆಯ ಎರಡು ಮೂರು ನಿಮಿಷದಲ್ಲಿ ಬೆಳಕನ್ನು ಯಾರಿಗೂ ಗೊತ್ತಾಗದಂತೆ ಇಳಿಸುತ್ತಾ ಬನ್ನಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಅರ್ಧ ಗಂಟೆಯೇ ಬೇಕು. ಮೊದಲ ಕೆಲವು ನಿಮಿಷದಲ್ಲೇ ಸುಮಾರು ಕೆಲಸ ಆಗಿರುತ್ತದೆ. ಆ ನಿಮಿಷಗಳನ್ನು ಹಿಂದಿನ ದೃಶ್ಯದಿಂದ ಕದಿಯಿರಿ.

ಕತ್ತಲೆಕೋಣೆ:
ರಾತ್ರಿ ನೀಲಿ ಯಾಕೆ ಅನ್ನುವುದನ್ನೂ ಸೇರಿಸುತ್ತೇನೆ. ಬೆಳದಿಂಗಳು ನಿಜವಾಗಿ ನೀಲಿಯಲ್ಲ. ಚಂದ್ರನಿಂದ ಬರುವುದು ಸೂರ್ಯನ ಬೆಳಕೇ, ಅದೂ ಸ್ವಲ್ಪ ಕೆಂಪಿನ ಕಡೆಗೆ ವಾಲಿದ್ದು. ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 4,100 ಕೆಲ್ವಿನ್ (ಅಂಕಿ ಇಳಿದಷ್ಟೂ ಕೆಂಪು). ಆದರೂ ನೀಲಿ ಅನ್ನಿಸುತ್ತದೆ. ಹಗಲಲ್ಲಿ ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರ್ ಹತ್ತಿರದ ಹಳದಿ ಹಸಿರಿಗೆ. ಬೆಳಕು ಕಡಿಮೆಯಾದಾಗ ಆ ಚುರುಕು 507ರ ಹತ್ತಿರಕ್ಕೆ, ನೀಲಿ ಹಸಿರಿನ ಕಡೆಗೆ ಸರಿಯುತ್ತದೆ. ಇದನ್ನು ಗಮನಿಸಿ ಹೇಳಿದವನು ಚೆಕ್ ವಿಜ್ಞಾನಿ ಪುರ್ಕಿಂಜೆ, 19ನೇ ಶತಮಾನದ ಮೊದಲ ಭಾಗದಲ್ಲಿ. ಮಂದ ಬೆಳಕಿನಲ್ಲಿ ಕೆಂಪು ಮೊದಲು ಸಾಯುತ್ತದೆ, ನೀಲಿ ಉಳಿಯುತ್ತದೆ. ಬಣ್ಣಗಳೇ ಒಟ್ಟಾರೆ ಮಾಸಿಹೋಗುತ್ತವೆ.

ಅಂದರೆ ರಾತ್ರಿಗೆ ಕಡುನೀಲಿ ಸುರಿಯಬೇಕಾಗಿಲ್ಲ. ಬಣ್ಣ ಮಾಸಿದ, ತಣ್ಣಗಿನ, ಒಂದೇ ದಿಕ್ಕಿನಿಂದ ಬರುವ ಬೆಳಕು ಕೊಡಿ. ಚಂದ್ರ ಒಬ್ಬನೇ ತಾನೇ? ನೆರಳೂ ಒಂದೇ ಕಡೆ ಬೀಳಬೇಕು. ಎರಡೂ ಬದಿಯಿಂದ ನೀಲಿ ಹಾಕಿದ ಕೂಡಲೇ ರಾತ್ರಿ ಹೋಗಿ ನೀಲಿ ಬಣ್ಣದ ಕೋಣೆ ಉಳಿಯುತ್ತದೆ.

ಮೂವಿಂಗ್‌ಹೆಡ್:
ಒಪ್ಪಿದೆ, ಚಂದ್ರನ ವಿಚಾರ ಸೂಪರ್. ಆದರೆ ಹ್ಯಾಲೋಜೆನ್ ಅಂತ ಜಪ ಮಾಡ್ತಿದ್ದೀರಲ್ಲ, ಚಂದ್ರನಿಗೆ ಅದು ಸರಿಯಾಗಲ್ಲ. ಪೂರ್ತಿ ಉರಿದಾಗ ಅದು ಸುಮಾರು 3,200 ಕೆಲ್ವಿನ್. ಡಿಮ್ಮರ್ ಇಳಿಸಿದಷ್ಟೂ ಕೆಂಪಗಾಗುತ್ತಾ ಹೋಗುತ್ತದೆ. ಇಪ್ಪತ್ತು ಪರ್ಸೆಂಟಿನಲ್ಲಿ ನೀಲಿ ಜೆಲ್ ಹಾಕಿದ ಹ್ಯಾಲೋಜೆನ್ ನೋಡಿ, ಕೊಳೆ ಬಣ್ಣ. ಅಲ್ಲಿ ಎಲ್‌ಇಡಿಯೇ ಗೆಲ್ಲೋದು.

ಜೆಲ್‌ಪೆಟ್ಟಿಗೆ:
ಇದಕ್ಕೆ ನನ್ನ ತಕರಾರಿಲ್ಲ. ಚಂದ್ರ ಎಲ್‌ಇಡಿಗೆ, ಒಲೆ ಹ್ಯಾಲೋಜೆನ್‌ಗೆ. ಅದು ಇಳಿದಂತೆ ಕೆಂಪಾಗುವುದು ಗುಡಿಸಲಿನ ದೀಪಕ್ಕೂ ಬೆಂಕಿಗೂ ವರವೇ.

ಬೆಂಕಿಯ ಬಗ್ಗೆ ಒಂದು ಮಾತು. ಒಂದೇ ದೀಪವನ್ನು ಮಿಣುಕಿಸಿದರೆ ಬೆಂಕಿ ಅನ್ನಿಸುವುದಿಲ್ಲ, ವಯರಿಂಗ್ ಕೆಟ್ಟಿದೆ ಅನ್ನಿಸುತ್ತದೆ. ಒಲೆಯೊಳಗೆ ಮೂರು ಸಣ್ಣ ದೀಪ ಇಡಿ. ಕೆಂಪು, ಕಿತ್ತಳೆ, ತೆಳು ಹಳದಿ. ಒಂದರಿಂದ ಒಂದು ಒಂದು ಗೇಣು ದೂರದಲ್ಲಿರಲಿ. ಒಂದು ಏರುವಾಗ ಇನ್ನೊಂದು ಇಳಿಯಲಿ, ಲೆಕ್ಕ ತಪ್ಪಿದ ಹಾಗೆ. ಬೆಳಕಿನ ಜಾಗ ಬದಲಾಗುವುದರಿಂದ ಗೋಡೆಯ ಮೇಲಿನ ನೆರಳು ಅಲ್ಲಾಡುತ್ತದೆ. ಜನ ಒಲೆಯನ್ನು ನೋಡುವುದಿಲ್ಲ, ಆ ನೆರಳನ್ನು ನೋಡಿ ಬೆಂಕಿ ಇದೆ ಅಂತ ನಂಬುತ್ತಾರೆ.

ಪರದೆಹಿಂದೆ:
ಸೈಕ್ ಇಳಿಸಿದೆ. ಮುಖ ಬಂತು! ಏನೂ ಏರಿಸಲಿಲ್ಲ. ನಿರ್ದೇಶಕರು ಮುಖದ ದೀಪ ಎತ್ತಿದ್ದಕ್ಕೆ ಥ್ಯಾಂಕ್ಸ್ ಹೇಳಿ ಹೋದರು. ನಾನೂ ಏನೂ ಹೇಳಲಿಲ್ಲ.

ಈಗ ಎರಡು ದೊಡ್ಡ ಗಂಟು ಉಳಿದಿದೆ. ಒಂದು, ತಮ್ಮ ಜಿಂಕೆಯಾಗುವುದು. ಪ್ರೇಕ್ಷಕರ ಎದುರೇ ಆಗಬೇಕಂತೆ. ಇನ್ನೊಂದು, ಕಿನ್ನರಿ. ಅಂಗೈಯಷ್ಟು ಅಂತ ಕಥೆಯಲ್ಲಿ ಬರೆದಿಟ್ಟಿದ್ದಾರೆ. ಬೊಂಬೆ ಮಾಡೋಣವಾ, ಬೆಳಕೇ ಸಾಕಾ?

ನೆರಳುಗಾರ:
ಜಿಂಕೆಗೆ ಸ್ಕ್ರಿಮ್ ಬಳಸಿ. ಬಲೆಯಂಥ ತೆಳು ಪರದೆ. ಅದರ ಗುಣ ವಿಚಿತ್ರ. ಮುಂದಿನಿಂದ ಓರೆಯಾಗಿ ಬೆಳಕು ಬಿದ್ದು ಹಿಂದೆ ಕತ್ತಲಿದ್ದರೆ ಅದು ಗೋಡೆ. ಮುಂದಿನದನ್ನು ಆರಿಸಿ ಹಿಂದಿರುವುದಕ್ಕೆ ಬೆಳಕು ಕೊಟ್ಟರೆ ಪರದೆಯೇ ಇಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ತಮ್ಮ ಪರದೆಯ ಮುಂದೆ ನಿಲ್ಲಲಿ. ಜಿಂಕೆ ವೇಷದವರು ಪರದೆಯ ಹಿಂದೆ, ಅವನಿಗಿಂತ ಒಂದು ಹೆಜ್ಜೆ ಪಕ್ಕಕ್ಕೆ, ಅದೇ ಭಂಗಿಯಲ್ಲಿ. ತಮ್ಮನಿಗೆ ಸೈಡ್ ಲೈಟ್ ಮಾತ್ರ. ಪರದೆಗೆ ಮೇಲಿಂದ, ಬಹಳ ಕಡಿದಾಗಿ, ಕಾಡಿನ ಗೋಬೋ. ಮಾಟದ ಮಾತು ಬಂದಾಗ ಮೊದಲು ಹಿಂದಿನ ಬೆಳಕು ಸ್ವಲ್ಪ ಏರಲಿ. ಜಿಂಕೆಯ ಕೊಂಬು ಪರದೆಯೊಳಗೆ ಎಲ್ಲೋ ತೇಲಿದಂತೆ ಕಾಣುತ್ತದೆ. ಆಮೇಲೆ ಪರದೆಯ ಮೇಲಿನದು ಇಳಿಯಲಿ. ಕಡೆಗೆ ತಮ್ಮನದು. ಅವನು ಕತ್ತಲಲ್ಲಿ ಕುಸಿದು ತೆವಳಿಕೊಂಡು ಹೋಗಲಿ. ಮೂರೂ ಒಟ್ಟಿಗೆ ಆದರೆ ಬರೀ ಬದಲಾವಣೆ. ಒಂದರ ಮೇಲೊಂದು ಹತ್ತಿ ಬಂದರೆ ಮಾಟ.

ಎಡವುವ ಜಾಗ ಎರಡು. ಹಿಂದಿನ ದೀಪದ ಬೆಳಕು ಪರದೆಯ ಬೆನ್ನಿಗೆ ತಗಲಬಾರದು, ಅಡ್ಡಕ್ಕೆ ಹೋಗಬೇಕು. ತಗಲಿದರೆ ಪರದೆ ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೊಂದು, ಜಿಂಕೆಯ ಹಿಂದೆ ಕಪ್ಪು ಪರದೆ ಇರಲೇಬೇಕು. ನಿಮ್ಮ ಬಿಳಿ ಸೈಕ್ ಅಲ್ಲಿದ್ದರೆ ಎಲ್ಲ ಮೊದಲೇ ಬಯಲು.

ಕತ್ತಲೆಕೋಣೆ:
ಗಾಜು ಬಳಸುವ ಹಳೇ ಉಪಾಯವೂ ಇದೆಯಲ್ಲ. ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ತೋರಿಸಿದ್ದು. ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಪ್ರೇಕ್ಷಕರಿಗೆ ಕಾಣದ ಕಡೆ ನಿಂತವನ ಮೇಲೆ ಬೆಳಕು ಬಿಟ್ಟರೆ ಅವನ ಪ್ರತಿಬಿಂಬ ರಂಗದಲ್ಲಿ ಭೂತದಂತೆ ನಿಲ್ಲುತ್ತದೆ. ಬೆಳಕು ಇಳಿಸಿದರೆ ಭೂತ ಕರಗುತ್ತದೆ.

ನೆರಳುಗಾರ:
ಚೆಂದ ಇದೆ. ಆದರೆ ಅಷ್ಟು ದೊಡ್ಡ ಗಾಜು, ಅದರ ಭಾರ, ಪಕ್ಕದ ಸೀಟಿನವರಿಗೆ ಕೋನ ತಪ್ಪುವುದು, ಇಷ್ಟೆಲ್ಲ ತಲೆನೋವು ಮಕ್ಕಳ ನಾಟಕಕ್ಕೆ ಬೇಡ. ಸ್ಕ್ರಿಮ್ ಸಾಕು.

ಮಾಟಗಾತಿಗೆ ಬೇಕಾದರೆ ನೆರಳು ಬೆಳೆಸಿ. ಲೆನ್ಸ್ ಇಲ್ಲದ ಒಂದು ಪುಟ್ಟ ದೀಪ ನೆಲದ ಮೇಲೆ. ಅವಳು ಅದರ ಹತ್ತಿರಕ್ಕೆ ಸರಿದಷ್ಟೂ ಸೈಕ್ ಮೇಲಿನ ನೆರಳು ದೈತ್ಯವಾಗುತ್ತದೆ. ದೀಪದ ಬೆಳಗುವ ಭಾಗ ಚಿಕ್ಕದಾಗಿದ್ದಷ್ಟೂ ನೆರಳಿನ ಅಂಚು ಚೂಪು.

ಮೂರನೇವಿಂಗ್:
ಕಿನ್ನರಿಗೆ ಬೊಂಬೆ ಬೇಡ. 1904ರಲ್ಲಿ ಲಂಡನ್ನಿನಲ್ಲಿ ಪೀಟರ್ ಪ್ಯಾನ್ ನಾಟಕ ಮೊದಲು ಆಡಿದಾಗ ಟಿಂಕರ್ ಬೆಲ್ ಅನ್ನುವ ಕಿನ್ನರಿ ಬರೀ ಒಂದು ಬೆಳಕಿನ ಚುಕ್ಕಿ. ವಿಂಗ್ಸ್ ಕಡೆ ಒಬ್ಬರು ಕೈಗನ್ನಡಿ ಹಿಡಿದು ಜೋರು ದೀಪದ ಬೆಳಕನ್ನು ರಂಗದ ಮೇಲೆ ಕುಣಿಸುತ್ತಿದ್ದರು. ಮಾತಿನ ಬದಲು ಗಂಟೆಯ ಸದ್ದು. ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಮಾಡುವ ಯಂತ್ರ ನಾನು ನೋಡಿಲ್ಲ. ಕೈ ಸ್ವಲ್ಪ ನಡುಗುತ್ತದೆ, ತಡವರಿಸುತ್ತದೆ, ಥಟ್ಟನೆ ನಿಲ್ಲುತ್ತದೆ. ಅದೇ ಜೀವ.

ಕನ್ನಡಿ ಹಿಡಿಯುವವರನ್ನು ನಟರೆಂದೇ ಲೆಕ್ಕ ಹಾಕಿ. ಮೊದಲ ರಿಹರ್ಸಲ್‌ನಿಂದಲೇ ಬರಲಿ, ಟೆಕ್‌ನಲ್ಲಿ, ಅಂದರೆ ಬೆಳಕು ಸದ್ದು ಜೋಡಿಸುವ ಕೊನೆಯ ರಿಹರ್ಸಲ್‌ನಲ್ಲಿ, ಬಂದರೆ ತಡವಾಯಿತು. ಅಕ್ಕನ ಪಾತ್ರದವಳು ಚುಕ್ಕಿಯನ್ನು ನೋಡುವ ರೀತಿಯಲ್ಲಿ ಅರ್ಧ ಕೆಲಸ ಇದೆ. ಚುಕ್ಕಿ ಬಂದ ಮೇಲೆ ತಿರುಗಿದರೆ ಅದು ದೀಪ. ಅವಳು ಮೊದಲು ಏನೋ ಕೇಳಿಸಿಕೊಂಡು ತಿರುಗಿ, ಆಮೇಲೆ ಚುಕ್ಕಿ ಬಂದರೆ ಕಿನ್ನರಿ. ಕಿನ್ನರಿಗೆ ಕೋಪ ಬಂದಾಗ ಸಣ್ಣ ಸಣ್ಣ ಜಿಗಿತ, ದುಃಖವಾದಾಗ ಭುಜದ ಮೇಲೆ ಕೂತು ನಿಧಾನ ಉಸಿರಾಟ. ಇಷ್ಟು ಮಾಡಿದರೆ ಮಕ್ಕಳು ಅದಕ್ಕೆ ಹೆಸರಿಟ್ಟು ಕರೆಯುತ್ತಾರೆ.

ಮೂವಿಂಗ್‌ಹೆಡ್:
ನನ್ನ ಹೊಟ್ಟೆಪಾಡಿಗೆ ಕನ್ನಡಿ ಹಾಕಿದಿರಿ! ಮೂವಿಂಗ್ ಹೆಡ್‌ನಲ್ಲಿ ಐರಿಸ್ (ಬೆಳಕಿನ ತೂತನ್ನು ಕಿರಿದು ಮಾಡುವ ಭಾಗ) ಮುಚ್ಚಿ ಮಾಡಬಹುದು ಅಂತ ಹೇಳೋಕೆ ಬಂದೆ. ನಿಜ ಹೇಳಬೇಕಂದ್ರೆ ಅದು ಗೆರೆ ಎಳೆದ ಹಾಗೆ ಓಡುತ್ತದೆ. ಫ್ಯಾನ್ ಸದ್ದೂ ಇದೆ, ಮೆಲ್ಲಗೆ ಮಾತಾಡುವ ದೃಶ್ಯದಲ್ಲಿ ಮೂರನೇ ಸಾಲಿನವರೆಗೂ ಕೇಳಿಸುತ್ತದೆ.

ನಿಮ್ಮ ಎರಡು ಹೆಡ್‌ಗಳನ್ನು ಎಲ್ಲಿ ಬಳಸಬಹುದು ಅಂದರೆ, ಹಿಂದಿನ ಬಾರ್‌ನಲ್ಲಿ ಇಟ್ಟು ಹೇಝ್ ಒಳಗೆ ಬೆಳಕಿನ ಕಂಬ ಮಾಡಿ. ಒಂದೊಂದು ದೃಶ್ಯಕ್ಕೆ ಒಂದೊಂದು ಜಾಗ. ಆದರೆ ಜಾಗ ಬದಲಿಸುವುದು ಅದು ಆರಿರುವಾಗಲೇ. ಅದಕ್ಕೆ ಬೇರೆ ಕ್ಯೂ ಬರೆದಿಡಿ. ಉರಿಯುತ್ತಲೇ ತಿರುಗಿದರೆ ಕಾಡಿನಲ್ಲಿ ಯಾರೋ ಟಾರ್ಚ್ ಹಾಕಿ ಹುಡುಕಿದಂತೆ ಇರುತ್ತದೆ.

ಇನ್ನೊಂದು. ಎಲ್‌ಇಡಿ ನಿಧಾನ ಫೇಡ್ ಕೊಡುವಾಗ ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಬೋರ್ಡಿನಿಂದ ದೀಪಕ್ಕೆ ಆಜ್ಞೆ ಒಯ್ಯುವ ಡಿಎಂಎಕ್ಸ್‌ನ ಒಂದು ಚಾನೆಲ್‌ನಲ್ಲಿ ಇರುವುದು 0ಯಿಂದ 255 ಅಷ್ಟೇ. ಕೆಳಗಿನ ಅಂಕಿಗಳಲ್ಲಿ ಒಂದೊಂದು ಹೆಜ್ಜೆಯೂ ಕಣ್ಣಿಗೆ ಗೊತ್ತಾಗುತ್ತದೆ. ದೀಪದಲ್ಲಿ ಹೆಜ್ಜೆಗಳನ್ನು ಇನ್ನೂ ಸಣ್ಣದು ಮಾಡುವ 16 ಬಿಟ್ ಮೋಡ್ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಎಲ್‌ಇಡಿ ಮೊದಲು ಹೋಗಲಿ, ಕೊನೆಯ ಬಾಲ ಹ್ಯಾಲೋಜೆನ್ ಎಳೆಯಲಿ.

ಕತ್ತಲೆಕೋಣೆ:
ಹೇಝ್ ಬಗ್ಗೆ. ಹೇಝ್ ಬೇರೆ, ಹೊಗೆ ಬೇರೆ. ಹೊಗೆ ದಪ್ಪ ಮೋಡ, ಬಂದು ಹೋಗುತ್ತದೆ. ಹೇಝ್ ಗಾಳಿಯಲ್ಲಿ ತೆಳುವಾಗಿ ನಿಂತು ಬೆಳಕಿನ ದಾರಿ ತೋರಿಸುತ್ತದೆ. ಅದರ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದುರಿಸುತ್ತವೆ. ಹಾಗಾಗಿ ಹಿಂದಿನಿಂದ ಪ್ರೇಕ್ಷಕರ ಕಡೆಗೆ ಬರುವ ದೀಪ ಚೆನ್ನಾಗಿ ಕಾಣುತ್ತದೆ, ಮುಂದಿನಿಂದ ಹೋಗುವ ದೀಪದ ದಾರಿ ಹೆಚ್ಚು ಕಾಣುವುದಿಲ್ಲ. ಸ್ಕ್ರಿಮ್ ದೃಶ್ಯಕ್ಕೆ ಹೇಝ್ ಕಡಿಮೆ ಇರಲಿ, ಇಲ್ಲದಿದ್ದರೆ ಪರದೆಯ ಮುಂದೆ ಇನ್ನೊಂದು ಪರದೆ ನೇತು ಹಾಕಿದಂತೆ.

ಸಭಾಂಗಣದ ಹೊಗೆ ಪತ್ತೆ ಯಂತ್ರಗಳ ವಿಚಾರ ಅಲ್ಲಿನವರ ಹತ್ತಿರ ಮೊದಲೇ ಮಾತಾಡಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ನೀವೇ ಮುಚ್ಚುವುದು ಬೇಡ. ನೆಲದ ಮೇಲೆ ಹರಿಯುವ ಮಂಜಿಗೆ ಡ್ರೈ ಐಸ್ ತರೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮೈನಸ್ 78.5 ಡಿಗ್ರಿ, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ತಗ್ಗಿನ ಜಾಗದಲ್ಲಿ ತುಂಬಿಕೊಳ್ಳುತ್ತದೆ. ನೆಲದ ಮೇಲೆ ತೆವಳುವ ತಮ್ಮ, ರಂಗದ ಕೆಳಗೆ ಕೂತ ವಾದ್ಯದವರು, ಮುಂದಿನ ಸಾಲಿನ ಪುಟ್ಟ ಮಕ್ಕಳು, ಇವರ ಉಸಿರಿನ ಎತ್ತರ ಅದೇ.

ಗುಡುಗು ಮಿಂಚಿಗೆ ಸ್ಟ್ರೋಬ್ ಕೂಡ ಬೇಡ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಬಹುದು, ಮಕ್ಕಳಲ್ಲಿ ಹದಿಹರೆಯದವರಲ್ಲಿ ಇದು ಹೆಚ್ಚು. ಪಕ್ಕದ ಎತ್ತರದಿಂದ ಒಂದು ಬಿಳಿ ಹೊಡೆತ, ಒಂದು ಉಸಿರು ಬಿಟ್ಟು ಇನ್ನೊಂದು. ಮಿಂಚಿಗೆ ಅಷ್ಟು ಸಾಕು.

ಪರದೆಹಿಂದೆ:
ಸ್ಕ್ರಿಮ್ ಸಿಕ್ಕಿತು. ತಮ್ಮ ತೆವಳುವಾಗ ಕಾಲು ಕಾಣುತ್ತಿತ್ತು, ಸೈಡ್ ಲೈಟಿನ ಕೆಳಗಿನದನ್ನು ಬೇರೆ ಚಾನೆಲ್‌ಗೆ ಹಾಕಿ ಮೊದಲು ಆರಿಸಿದೆ. ಕನ್ನಡಿ ಹಿಡಿಯಲು ಬಟ್ಟೆ ವಿಭಾಗದ ಹುಡುಗಿ ಒಪ್ಪಿದ್ದಾಳೆ. ಅಕ್ಕನ ಪಾತ್ರದವಳಿಗೂ ಅವಳಿಗೂ ಈಗ ಬೇರೆಯೇ ಭಾಷೆ ಶುರುವಾಗಿದೆ, ನನ್ನನ್ನು ಕೇಳುವುದೇ ಇಲ್ಲ.

ಅರಮನೆ ಮಾತ್ರ ಉಳಿದಿದೆ. ಅದಕ್ಕೆ ಚಿನ್ನದ ಬಣ್ಣ ಬೇಕು ಅಂತ ಎಲ್ಲ ಅಂಬರ್ ಜೆಲ್ ಸೇರಿಸಿದೆ. ಬೆಳಕು ಅತಿ ಸಿಹಿಯಾಯಿತು, ಮುಖಗಳಿಗೆ ಅರಿಶಿನ ಮೆತ್ತಿದಂತೆ.

ಜೆಲ್‌ಪೆಟ್ಟಿಗೆ:
ಜೆಲ್ ಎಲ್ಲ ತೆಗೆಯಿರಿ. ಬರೀ ಹ್ಯಾಲೋಜೆನ್ ಬಿಡಿ. ಅರ್ಧ ಗಂಟೆ ನೀಲಿ ಕಾಡಿನಲ್ಲಿ ಕೂತವರ ಕಣ್ಣು ಆ ನೀಲಿಗೆ ಹೊಂದಿಕೊಂಡುಬಿಟ್ಟಿರುತ್ತದೆ. ಅಲ್ಲಿಂದ ಬಂದವರಿಗೆ ಜೆಲ್ ಇಲ್ಲದ ಬಿಳಿಯೇ ಚಿನ್ನ. ನೀವು ಅರಮನೆಯ ದೃಶ್ಯವನ್ನು ಒಂದೇ ಹಾಕಿ ನೋಡುತ್ತಿದ್ದೀರಿ, ಅದಕ್ಕೆ ಕಡಿಮೆ ಅನ್ನಿಸಿ ಅಂಬರ್ ಸುರಿದಿದ್ದೀರಿ. ಕಾಡಿನಿಂದ ಓಡಿಸಿಕೊಂಡು ಬಂದು ನೋಡಿ. ಬಾಗಿಲು ತೆರೆಯುವ ಕಡೆಯಿಂದ ಮೊದಲು ಒಂದು ಪಟ್ಟಿ ಬೆಳಕು ನೆಲದ ಮೇಲೆ ಬರಲಿ, ಉಳಿದದ್ದು ಅಕ್ಕ ಒಳಗೆ ಕಾಲಿಟ್ಟ ಮೇಲೆ.

ಪರದೆಹಿಂದೆ:
ಓಡಿಸಿ ನೋಡಿದೆ. ಜೆಲ್ ಎಲ್ಲ ಪೆಟ್ಟಿಗೆಗೆ ಹೋಯಿತು. ಆದರೆ ಕಾಡಿಗೂ ಅರಮನೆಗೂ ನಡುವೆ ಮಧ್ಯಂತರ ಇಡಬೇಕು ಅಂತ ನಿರ್ದೇಶಕರು ಈಗ ಹೇಳುತ್ತಿದ್ದಾರೆ. ಹೊರಗಿನ ಬೆಳಕಿಗೆ ಹೋಗಿ ಬಂದವರ ಕಣ್ಣಿನಲ್ಲಿ ನೀಲಿ ಎಲ್ಲಿ ಉಳಿಯುತ್ತದೆ?

ಮೂರನೇವಿಂಗ್:
ಮಧ್ಯಂತರವನ್ನು ಜಿಂಕೆಯ ದೃಶ್ಯದ ನಂತರಕ್ಕೆ ತಳ್ಳಿಸಿ. ತಮ್ಮ ಮಾಯವಾದ ಕಡೆ ನಿಲ್ಲಿಸಿದರೆ ಮಕ್ಕಳು ತಾವಾಗಿಯೇ ಒಳಗೆ ಓಡಿ ಬರುತ್ತಾರೆ, ನಿರ್ದೇಶಕರಿಗೆ ಆ ಕಾರಣ ಹೇಳಿ, ಬೆಳಕಿನ ಕಾರಣ ಹೇಳಬೇಡಿ. ಎರಡನೇ ಭಾಗ ಕಾಡಿನಿಂದಲೇ ಶುರುವಾಗಲಿ. ಜನ ಬಂದು ಕೂರುವಾಗ ರಂಗದ ಮೇಲೆ ನೀಲಿ ಇರಲಿ, ಸಭಾಂಗಣದ ದೀಪ ತುಂಬಾ ನಿಧಾನಕ್ಕೆ ಇಳಿಯಲಿ. ಬಾಗಿಲು ತೆರೆದಿರುವಷ್ಟು ಹೊತ್ತು ಹೇಝ್ ಪೂರ್ತಿ ಹೊರಗೆ ಹೋಗಿರುತ್ತದೆ. ಗಂಟೆ ಬಾರಿಸುವ ಮೊದಲೇ ಯಂತ್ರ ಹಾಕುವವರು ಯಾರು ಅಂತ ಕ್ಯೂ ಶೀಟಿನಲ್ಲಿ ಹೆಸರು ಬರೆದುಬಿಡಿ.